ಬೆಲೆ ಕಟ್ಟುವ ಕಾಯಕ

ಭೂಮಿಗೆ ಬೆಲೆಯುಂಟೆಂಬುದು ಎಲ್ಲರೂ ಬಲ್ಲ ಮಾತು. ಆದರೆ ಆ ಬೆಲೆ ಎಷ್ಟೆಂಬ ಪ್ರಶ್ನೆಗೆ ಎಲ್ಲರ ಉತ್ತರವೂ ಒಂದೇ ಆಗಿರುವುದಿಲ್ಲ. ಮಾರುವವನು ಒಂದು ಮೊತ್ತವನ್ನು ಹೇಳಿದರೆ ಕೊಳ್ಳುವವನು ಮತ್ತೊಂದನ್ನು ಹೇಳುತ್ತಾನೆ. ಮನೆಯನ್ನು ಅಡವಿಟ್ಟುಕೊಂಡು ಸಾಲ ಕೊಡುವ ಬ್ಯಾಂಕು, ಆಸ್ತಿಯಲ್ಲಿ ಪಾಲು ಕೇಳುವ ಅಣ್ಣತಮ್ಮಂದಿರು, ಇವರೆಲ್ಲರೂ ಒಪ್ಪಬಹುದಾದ ಬೆಲೆಯನ್ನು ಆಧಾರಸಹಿತವಾಗಿ ನಿರ್ಣಯಿಸಿ ಹೇಳುವವನೇ ಮೌಲ್ಯಮಾಪಕ.

ಈ ಕೆಲಸ ಮೇಲುನೋಟಕ್ಕೆ ತೋರುವಷ್ಟು ಸುಲಭವಲ್ಲ. ಬೀದರ್ ಜಿಲ್ಲೆಯ ಹುಮನಾಬಾದ್ ಮತ್ತು ಬಸವಕಲ್ಯಾಣ ತಾಲ್ಲೂಕುಗಳನ್ನೇ ನೋಡಬಹುದು. ಪುಣೆ–ಹೈದರಾಬಾದ್ ರಾಷ್ಟ್ರೀಯ ಹೆದ್ದಾರಿ ಇವೆರಡನ್ನೂ ಹಾದುಹೋಗುತ್ತದೆ. ಹುಮನಾಬಾದಿನ ಮೂಲಕ ಸಾಗುವ ಬೀದರ್–ಕಲಬುರಗಿ ರೈಲುಮಾರ್ಗ 2017ರ ಅಕ್ಟೋಬರಿನಲ್ಲಿ ಉದ್ಘಾಟನೆಗೊಂಡಿತು. ಬಸವಕಲ್ಯಾಣದಲ್ಲಿ ನೂತನ ಅನುಭವ ಮಂಟಪಕ್ಕೆ 2021ರ ಜನವರಿಯಲ್ಲಿ ಶಂಕುಸ್ಥಾಪನೆಯಾಯಿತು. ಇಂತಹ ಕಾರ್ಯಗಳು ಸುತ್ತಲಿನ ನಿವೇಶನಗಳ ಬೇಡಿಕೆಯನ್ನು ಬದಲಿಸಬಲ್ಲವು. ಹೆದ್ದಾರಿಯ ಅಂಚಿನ ನೆಲಕ್ಕೂ ಒಳಹಾದಿಯ ನೆಲಕ್ಕೂ ಬೆಲೆ ಒಂದೇ ಅಲ್ಲ. ಕಪ್ಪು ಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಗೆಯಲ್ಲಿ ಬಿರಿಯುವುದರಿಂದ ಅಂತಹ ನೆಲದಲ್ಲಿ ತಳಪಾಯದ ವೆಚ್ಚ ಹೆಚ್ಚು. ಈ ಪ್ರದೇಶ 1948ರವರೆಗೆ ನಿಜಾಮನ ಆಳ್ವಿಕೆಯಲ್ಲಿದ್ದುದರಿಂದ ಹಳೆಯ ದಾಖಲೆಗಳು ಉರ್ದುವಿನಲ್ಲಿರುವುದೂ ಉಂಟು. ಮಣ್ಣು, ಕಟ್ಟಡ, ಮಾರುಕಟ್ಟೆ, ಕಾಗದಪತ್ರ ಈ ನಾಲ್ಕನ್ನೂ ಪರಿಶೀಲಿಸದೆ ಬೆಲೆ ಹೇಳುವುದು ಕೇವಲ ಊಹೆಯಾದೀತು.

ಬೆಲೆ ಕಟ್ಟಲು ಮುಖ್ಯವಾಗಿ ಮೂರು ವಿಧಾನಗಳಿವೆ. ಸಮೀಪದಲ್ಲಿ ಇತ್ತೀಚೆಗೆ ಮಾರಾಟವಾದ ಅಂತಹುದೇ ಸ್ವತ್ತಿನೊಡನೆ ಹೋಲಿಸುವುದು ಮೊದಲನೆಯದು. ಸ್ವತ್ತಿನ ವರಮಾನದಿಂದ ಲೆಕ್ಕ ಹಾಕುವುದು ಎರಡನೆಯದು. ಒಂದು ಮಳಿಗೆಯಿಂದ ಖರ್ಚು ಕಳೆದು ವರ್ಷಕ್ಕೆ 1,20,000 ರೂಪಾಯಿ ಬಾಡಿಗೆ ಉಳಿಯುತ್ತದೆಂದೂ ಅಂತಹ ಸ್ವತ್ತಿನಿಂದ ಶೇಕಡಾ 8ರಷ್ಟು ಪ್ರತಿಫಲ ನಿರೀಕ್ಷಿಸಬಹುದೆಂದೂ ಭಾವಿಸಿದರೆ, ಅದರ ಮೌಲ್ಯ 15,00,000 ರೂಪಾಯಿ ಆಗುತ್ತದೆ. ನಿವೇಶನದ ಬೆಲೆಗೆ ಕಟ್ಟಡವನ್ನು ಇಂದು ಕಟ್ಟಲು ತಗಲುವ ವೆಚ್ಚವನ್ನು ಸೇರಿಸಿ, ಸವಕಳಿಯನ್ನು ಕಳೆಯುವುದು ಮೂರನೆಯದು.

ಕಂಪೆನಿಗಳ ಕಾಯಿದೆ ಮತ್ತು ದಿವಾಳಿ ಸಂಹಿತೆಯ ಪ್ರಕಾರ ನಡೆಯಬೇಕಾದ ಮೌಲ್ಯಮಾಪನವನ್ನು ನೋಂದಾಯಿತ ಮೌಲ್ಯಮಾಪಕನೇ ಮಾಡಬೇಕು. ಇದಕ್ಕೆ ಸಂಬಂಧಿಸಿದ ನಿಯಮಗಳು 2017ರಲ್ಲಿ ಜಾರಿಗೆ ಬಂದವು. ಭೂಮಿ ಮತ್ತು ಕಟ್ಟಡಗಳ ವರ್ಗಕ್ಕೆ ಸೇರಬಯಸುವವನು ಸಿವಿಲ್ ಎಂಜಿನಿಯರಿಂಗ್, ವಾಸ್ತುಶಿಲ್ಪ ಅಥವಾ ನಗರ ಯೋಜನೆಯಲ್ಲಿ ಪದವಿ ಪಡೆದು ಆ ಕ್ಷೇತ್ರದಲ್ಲಿ 5 ವರ್ಷಗಳ ಅನುಭವ ಗಳಿಸಿರಬೇಕು. ಸ್ನಾತಕೋತ್ತರ ಪದವೀಧರರಿಗೆ 3 ವರ್ಷಗಳ ಅನುಭವ ಸಾಕು. ಮಾನ್ಯತೆ ಪಡೆದ ಮೌಲ್ಯಮಾಪಕರ ಸಂಸ್ಥೆಯೊಂದರ ಸದಸ್ಯನಾಗಿ, ಅದು ನಡೆಸುವ ಶಿಕ್ಷಣಕ್ರಮವನ್ನು ಪೂರೈಸಿ, ಬಳಿಕ ಪರೀಕ್ಷೆಯಲ್ಲಿ ಶೇಕಡಾ 60 ಅಂಕಗಳೊಡನೆ ತೇರ್ಗಡೆಯಾಗಬೇಕು. ಆ ಸಂಸ್ಥೆಯ ಶಿಫಾರಸಿನ ಮೇಲೆ ಇನ್‌ಸಾಲ್ವೆನ್ಸಿ ಅಂಡ್ ಬ್ಯಾಂಕ್‌ರಪ್ಸಿ ಬೋರ್ಡ್ ಆಫ್ ಇಂಡಿಯಾ ಎಂಬ ಕೇಂದ್ರ ಮಂಡಳಿಯು ನೋಂದಣಿಪತ್ರವನ್ನು ನೀಡುತ್ತದೆ.

ವಿದ್ಯೆಯೊಂದೇ ಸಾಲದೆಂಬುದನ್ನು ಕಾನೂನು ಮರೆತಿಲ್ಲ. ಅರ್ಜಿದಾರನು ಪ್ರಾಪ್ತವಯಸ್ಕನೂ ಭಾರತದಲ್ಲಿ ವಾಸಿಸುವವನೂ ಆಗಿರಬೇಕು; ದಿವಾಳಿಯೆಂದು ಘೋಷಿತನಾಗಿ ಅದರಿಂದ ಬಿಡುಗಡೆ ಹೊಂದದವನಾಗಿರಬಾರದು. ಅವನ ಪ್ರಾಮಾಣಿಕತೆ ಮತ್ತು ನಡತೆಯನ್ನೂ ಪರಿಗಣಿಸಲಾಗುತ್ತದೆ. ತನಗೆ ಹಿತಾಸಕ್ತಿಯಿರುವ ಸ್ವತ್ತಿಗೆ ಅವನು ಬೆಲೆ ಕಟ್ಟುವಂತಿಲ್ಲ. ಈ ನಿರ್ಬಂಧವು ನೇಮಕಕ್ಕೆ ಮೊದಲಿನ 3 ವರ್ಷಗಳಿಗೂ ಮೌಲ್ಯಮಾಪನದ ನಂತರದ 3 ವರ್ಷಗಳಿಗೂ ಅನ್ವಯಿಸುತ್ತದೆ. ವಂಚಿಸುವ ಉದ್ದೇಶದಿಂದ ನಿಯಮ ಮೀರಿದವನಿಗೆ ದಂಡದ ಜೊತೆಗೆ 1 ವರ್ಷದವರೆಗೆ ಸೆರೆಮನೆವಾಸವೂ ಒದಗಬಹುದು.

ಈ ಕಟ್ಟುನಿಟ್ಟಿಗೆ ಕಾರಣವಿದೆ. ಬೆಲೆ ಕಡಿಮೆಯಾಗಿ ನಮೂದಾದರೆ ಒಂದು ಕುಟುಂಬ ತಲೆಮಾರುಗಳ ಗಳಿಕೆಯನ್ನು ಕಳೆದುಕೊಳ್ಳಬಹುದು. ಹೆಚ್ಚಾಗಿ ನಮೂದಾದರೆ ಸಾಲ ಮರಳಿ ಬಾರದೆ ಬ್ಯಾಂಕಿನಲ್ಲಿಟ್ಟ ಜನರ ಹಣಕ್ಕೆ ಅಪಾಯ ಬರಬಹುದು. ಹನ್ನೆರಡನೆಯ ಶತಮಾನದಲ್ಲಿ ಶರಣರು ಕಲ್ಯಾಣದಲ್ಲಿ ಪ್ರಾಮಾಣಿಕ ದುಡಿಮೆಯನ್ನು ಕಾಯಕವೆಂದು ಗೌರವಿಸಿದರು. ಅಳತೆಪಟ್ಟಿ ಹಿಡಿದು ಅದೇ ನೆಲವನ್ನು ಅಳೆಯುವ ಮೌಲ್ಯಮಾಪಕನ ದುಡಿಮೆಗೂ ಆ ಗೌರವ ಸಲ್ಲಬೇಕಾದರೆ, ಅವನು ಬರೆಯುವ ಅಂಕಿ ಯಾರ ಮುಖವನ್ನೂ ನೋಡದೆ ಬರೆದದ್ದಾಗಿರಬೇಕು.