ನಮ್ಮ ಬಚ್ಚಲು, ನಮ್ಮ ಹಂಡೆ ಒಲೆ

ನಾವು ಹೆಂಗಸರು ಸ್ನಾನ ಮಾಡೋದು ಯಾವಾಗ? ಕೋಳಿ ಕೂಗುವ ಮೊದಲು. ಇಲ್ಲವೇ ಕತ್ತಲಾದ ಮೇಲೆ. ಯಾಕೆ ಹೀಗೆ? ಬಚ್ಚಲಿಗೆ ಗೋಡೆ ಇಲ್ಲ, ಅದಕ್ಕೆ. ನಾಲ್ಕು ಗೂಟ ನೆಟ್ಟು ತೆಂಗಿನ ಗರಿ ಕಟ್ಟಿರುತ್ತೇವೆ. ಹಳೆಯ ಸೀರೆಯನ್ನೋ ಗೋಣಿತಾಟನ್ನೋ ಇಳಿಬಿಟ್ಟಿರುತ್ತೇವೆ. ಗಾಳಿ ಬಂದರೆ ಅದೂ ಹಾರುತ್ತದೆ. ಅದಕ್ಕೇ ಉಟ್ಟ ಸೀರೆಯ ಮೇಲೇ ನಾಲ್ಕು ಚೊಂಬು ನೀರು ಸುರಿದುಕೊಂಡು ಎದ್ದುಬಿಡುತ್ತೇವೆ. ಮೈ ತೊಳೆದ ಹಾಗೂ ಇಲ್ಲ, ತೊಳೆಯದ ಹಾಗೂ ಇಲ್ಲ.

ಎಲ್ಲರ ಮನೆಯೂ ಹೀಗಿಲ್ಲ. ಆದರೆ ಹೀಗಿರುವ ಮನೆಗಳು ಇನ್ನೂ ಉಂಟು. ಮುಟ್ಟಾದಾಗ ಈ ಕಷ್ಟ ಇನ್ನೂ ಹೆಚ್ಚು. ಬಟ್ಟೆ ತೊಳೆಯಲು ಮರೆ ಬೇಕು. ಮರೆ ಇಲ್ಲದಿದ್ದರೆ ಅರೆಬರೆ ತೊಳೆದು, ಕತ್ತಲ ಮೂಲೆಯಲ್ಲಿ ಒಣಗಿಸುತ್ತೇವೆ. ಸರಿಯಾಗಿ ತೊಳೆಯದ, ಬಿಸಿಲು ಕಾಣದ ಬಟ್ಟೆಯಿಂದ ತುರಿಕೆ ಬರಬಹುದು, ಸೋಂಕು ತಗಲಬಹುದು. ಮನೆಗೆ ಟಿ.ವಿ. ಬಂತು, ಬೈಕು ಬಂತು. ಬಚ್ಚಲಿಗೆ ಬಾಗಿಲು ಬರಲಿಲ್ಲ! ಮನೆಯಲ್ಲಿ ಕೇಳಿದರೆ "ಮುಂದಿನ ವರ್ಷ ನೋಡೋಣ" ಅನ್ನುತ್ತಾರೆ. ಮುಂದಿನ ವರ್ಷ ಯಾವಾಗ ಬರುತ್ತದೋ!

ಬಚ್ಚಲು ಕಟ್ಟುವುದು ದೊಡ್ಡ ಕೆಲಸವಲ್ಲ. ಊರವರ ಮನೆಗೆಲ್ಲ ಗಾರೆ ಕಲಸುವವರು ನಾವು. ತಲೆಯ ಮೇಲೆ ಇಟ್ಟಿಗೆ ಹೊರುವವರು ನಾವು. ಗೋಡೆ ಎಬ್ಬಿಸಲು ಎರಡು ಮೂರು ದಿನ ಮೇಸ್ತ್ರಿ ಬೇಕಾಗಬಹುದು. ಉಳಿದದ್ದನ್ನು ಮನೆಯವರೇ ಸೇರಿ ಮಾಡಬಹುದು.

ಎಲ್ಲಿ ಕಟ್ಟೋಣ, ಎಷ್ಟು ಕಟ್ಟೋಣ?

ಮನೆಯ ಹಿಂದಿನ ಗೋಡೆಗೆ ತಾಗಿಸಿ ಕಟ್ಟುವುದು ಒಳ್ಳೆಯದು. ಒಂದು ಕಡೆ ಗೋಡೆ ಆಗಲೇ ಇರುತ್ತದೆ. ನೂರು ಇಟ್ಟಿಗೆಯಾದರೂ ಉಳಿಯುತ್ತದೆ. ರಾತ್ರಿ ಹೊತ್ತು ಅಂಗಳ ದಾಟಿ ಹೋಗುವುದೂ ತಪ್ಪುತ್ತದೆ. ನೀರು ಹರಿದುಹೋಗಲು ಇಳಿಜಾರು ಯಾವ ಕಡೆಗಿದೆ ಎಂದು ಮೊದಲೇ ನೋಡಿಕೊಳ್ಳಿ. ಸೇದುವ ಬಾವಿ, ಬೋರ್‌ವೆಲ್ ಹತ್ತಿರ ಬೇಡ.

ಒಳಗೆ 5 ಅಡಿ ಉದ್ದ, 4 ಅಡಿ ಅಗಲ ಇದ್ದರೆ ಒಬ್ಬರು ಕೂತು ಸ್ನಾನ ಮಾಡಬಹುದು. ಬಟ್ಟೆಯನ್ನೂ ಒಗೆಯಬಹುದು. ಬಾಣಂತಿಗೆ ನೀರು ಹಾಕುವವರಿಗೂ ಜಾಗ ಬೇಕು ಅಂದರೆ ಇನ್ನೊಂದು ಅಡಿ ಸೇರಿಸಿ. ಗೋಡೆ ಆರೂವರೆ ಅಡಿ ಎತ್ತರ ಇರಲಿ. ಇಟ್ಟಿಗೆಯ ದಪ್ಪ ನಾಲ್ಕೂವರೆ ಅಂಗುಲ ಅಂತ ಇಟ್ಟುಕೊಂಡರೆ ನಾಲ್ಕೂ ಗೋಡೆಗೆ ಸುಮಾರು 500 ಇಟ್ಟಿಗೆ ಬೇಕು. ಗೋಡೆಯ ಗಾರೆಗೆ ಒಂದು ಪಾಲು ಸಿಮೆಂಟಿಗೆ ಐದು ಪಾಲು ಮರಳು. ನೆಲಕ್ಕೆ ಮತ್ತು ಒಳಗಿನ ಗಿಲಾವಿಗೆ ಒಂದಕ್ಕೆ ನಾಲ್ಕು. ಕಟ್ಟಿದ ಮೇಲೆ ಏಳು ದಿನ ಬಿಡದೆ ನೀರು ಹಾಕಬೇಕು. ಗಾರೆ ಗಟ್ಟಿಯಾಗುವುದು ಈ ನೀರಿನಿಂದಲೇ. ಎರಡು ದಿನ ಹಾಕಿ ಮರೆತರೆ ಗೋಡೆ ಉದುರುತ್ತದೆ.

ಈಗ ನಮಗೆ ಅಂಕಿ ಓದಲು ಬರುತ್ತದೆ. ಹಾಗಿದ್ದಮೇಲೆ ಟೇಪು ನಾವೇ ಹಿಡಿಯೋಣ. ಮೇಸ್ತ್ರಿ 5 ಅಡಿ ಅಂದರೆ, 5 ಅಡಿ ಇದೆಯಾ ಅಂತ ನಾವೇ ನೋಡೋಣ. ಸಿಮೆಂಟ್ ಮೂಟೆ ಎಷ್ಟು ಬಂತು, ಎಷ್ಟು ಖರ್ಚಾಯಿತು ಅಂತ ಬರೆದಿಡೋಣ.

ನೆಲದ ವಿಷಯದಲ್ಲಿ ಎರಡು ಮಾತು. ಮೊದಲನೆಯದು, ವಾಟ ಸರಿ ಇರಬೇಕು. 5 ಅಡಿ ಉದ್ದಕ್ಕೆ ಒಂದೂವರೆ ಅಂಗುಲ ಇಳಿಜಾರು ಸಾಕು. ಗಾರೆ ಹಸಿ ಇರುವಾಗಲೇ ಒಂದು ಗೋಲಿ ಬಿಟ್ಟು ನೋಡಿ. ಅದು ತಾನಾಗಿ ತೂಬಿನ ಕಡೆಗೆ ಉರುಳಬೇಕು. ಎರಡನೆಯದು, ನೆಲ ನುಣುಪಾಗಿರಬಾರದು. ಹೊಳೆಯುವ ಟೈಲ್ಸ್ ನೋಡಲು ಚೆಂದ. ಆದರೆ ಸೋಪಿನ ನೀರು ಬಿದ್ದರೆ ಜಾರುತ್ತದೆ. ವಯಸ್ಸಾದ ಅತ್ತೆ ಬಿದ್ದು ಸೊಂಟ ಮುರಿದುಕೊಂಡರೆ ಚೆಂದ ಏನು ಮಾಡುತ್ತದೆ? ಒರಟು ಚಪ್ಪಡಿ ಕಲ್ಲು ಹಾಕಿ. ಕೂರಲು ಒಂದು ಗಿಡ್ಡ ಕಲ್ಲು ಇಡಿ. ಎದ್ದೇಳುವಾಗ ಹಿಡಿಯಲು ಗೋಡೆಗೆ ಒಂದು ಕಬ್ಬಿಣದ ಹಿಡಿ ಕೂರಿಸಿ.

ಬಾಗಿಲಿಗೆ ಒಳಗಡೆಯಿಂದ ಚಿಲಕ ಇರಲೇಬೇಕು. ತಗಡಿನ ಬಾಗಿಲಾದರೂ ಸರಿ. ತಲೆಗಿಂತ ಎತ್ತರದಲ್ಲಿ ಎರಡು ಗೋಡೆಗೆ ಗವಾಕ್ಷಿ ಬಿಡಿ. ಇವುಗಳಿಗೆ ಗಾಜು ಹಾಕಿ ಮುಚ್ಚಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇವೆ.

ಹಂಡೆ ಒಲೆ

ಅಡುಗೆಗೆ ಈಗ ತುಂಬಾ ಮನೆಗಳಲ್ಲಿ ಗ್ಯಾಸ್ ಬಂದಿದೆ. ಆದರೆ ಹಂಡೆ ನೀರಿಗೆ ಗ್ಯಾಸ್ ಉರಿಸುವವರು ಕಡಿಮೆ. ಹಳ್ಳಿಗಳಲ್ಲಿ ಸ್ನಾನದ ನೀರು ಇನ್ನೂ ಹೆಚ್ಚಾಗಿ ಸೌದೆಯಲ್ಲೇ ಕಾಯುತ್ತದೆ. ಸೌದೆ ತರುವವರು ಯಾರು? ಊದುಗೊಳವೆ ಹಿಡಿದು ಕಣ್ಣು ಕೆಂಪು ಮಾಡಿಕೊಳ್ಳುವವರು ಯಾರು? ಎಲ್ಲಾ ನಾವೇ.

ಒಂದು ಲೆಕ್ಕ ಮಾಡೋಣ. ಒಬ್ಬರ ಸ್ನಾನಕ್ಕೆ 20 ಲೀಟರ್ ಬಿಸಿನೀರು ಬೇಕು ಅಂತ ಇಟ್ಟುಕೊಳ್ಳಿ. ಒಣ ಸೌದೆಯ ಶಾಖವೆಲ್ಲಾ ನೀರಿಗೇ ಸೇರುವುದಾದರೆ ಇಷ್ಟು ನೀರು ಕಾಯಲು ಸುಮಾರು 125 ಗ್ರಾಂ ಸೌದೆ ಸಾಕು. ಎರಡು ಬೆರಳು ದಪ್ಪದ ಒಂದು ಚಿಕ್ಕ ತುಂಡು! ನಂಬಲಾಗುವುದಿಲ್ಲ ಅಲ್ವಾ? ಆದರೆ ಮೂರು ಕಲ್ಲಿನ ಒಲೆಯಲ್ಲಿ ಶಾಖ ನಾಲ್ಕು ಕಡೆಗೂ ಸೋರಿಹೋಗುತ್ತದೆ. ಎಂಟು ಪಾಲಿನಲ್ಲಿ ಹೆಚ್ಚುಕಡಿಮೆ ಒಂದು ಪಾಲು ಮಾತ್ರ ನೀರಿಗೆ ಸೇರುತ್ತದೆ. ಉಳಿದ ಏಳು ಪಾಲು ಗಾಳಿಯ ಪಾಲು. ಅಂದರೆ 125 ಗ್ರಾಂ ಅಲ್ಲ, ಎಂಟರಷ್ಟು, 1 ಕಿಲೋ ಸೌದೆ ಬೇಕಾಯಿತು.

ಒಲೆಯನ್ನು ಸರಿಯಾಗಿ ಕಟ್ಟಿದರೆ ಮೂರರಲ್ಲಿ ಒಂದು ಪಾಲು ಶಾಖವನ್ನು ನೀರಿಗೆ ಸೇರಿಸಬಹುದು. ಆಗ 375 ಗ್ರಾಂ ಸೌದೆ ಸಾಕು. ಒಬ್ಬರಿಗೆ 625 ಗ್ರಾಂ ಉಳಿಯಿತು. ಮನೆಯಲ್ಲಿ ಐದು ಜನ ಇದ್ದರೆ ದಿನಕ್ಕೆ 3 ಕಿಲೋ ದಾಟಿತು. ತಿಂಗಳಿಗೆ 90 ಕಿಲೋ ದಾಟಿತು. ಒಂದು ತಲೆಹೊರೆ 25 ಕಿಲೋ ಇರುತ್ತದೆ ಅಂದರೆ, ಪ್ರತಿ ತಿಂಗಳು ಸುಮಾರು ನಾಲ್ಕು ಹೊರೆ ನಮ್ಮ ಕುತ್ತಿಗೆಯ ಮೇಲಿಂದ ಇಳಿಯಿತು!

ಇಂಥ ಒಲೆ ನಮ್ಮ ರಾಜ್ಯಕ್ಕೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ 'ಅಸ್ತ್ರ' ಎಂಬ ವಿಭಾಗ ಶುರುವಾಯಿತು. ಹಳ್ಳಿಯ ಜನಕ್ಕೆ ಉಪಯೋಗವಾಗುವ ವಿಜ್ಞಾನ ಬೇಕು ಎಂಬುದು ಅದರ ಉದ್ದೇಶ. ತುಮಕೂರು ಜಿಲ್ಲೆಯ ಉಂಗ್ರ ಗ್ರಾಮದಲ್ಲಿ ಅವರು ಕೆಲಸ ಮಾಡಿದರು. 1980ರ ದಶಕದಲ್ಲಿ 'ಅಸ್ತ್ರ ಒಲೆ' ಹಳ್ಳಿಹಳ್ಳಿಗೂ ಹೋಯಿತು. ಅಡುಗೆ ಒಲೆಯ ಜೊತೆಗೆ ನೀರು ಕಾಯಿಸುವ ಒಲೆಯನ್ನೂ ಅವರು ಮಾಡಿದರು. ಇದರ ಗುಟ್ಟು ಬಹಳ ಸರಳ. ಬೆಂಕಿಗೆ ಕೆಳಗಿನಿಂದ ಗಾಳಿ ಸಿಗಬೇಕು. ಬಿಸಿ ಹೊಗೆ ಹಂಡೆಯನ್ನು ಸವರಿಕೊಂಡೇ ಹೊರಗೆ ಹೋಗಬೇಕು.

ಈಗ ಕಟ್ಟುವ ಬಗೆ ಹೇಳುತ್ತೇವೆ. ಒಲೆಯ ಬಾಯಿ ಬಚ್ಚಲಿನ ಹೊರಗೆ ಇರಬೇಕು. ಹಂಡೆಯ ಬಾಯಿ ಬಚ್ಚಲಿನ ಒಳಗೆ ತೆರೆಯಬೇಕು. ಅಂದರೆ ಗೋಡೆ ಕಟ್ಟುವಾಗಲೇ ಹಂಡೆಗೆ ಜಾಗ ಬಿಡಬೇಕು. ಹೊರಗೆ ಸೌದೆ ಇಡುವ ಕಡೆ ಒಂದು ಚಿಕ್ಕ ಮಾಡು ಇಳಿಸಿದರೆ ಮಳೆಗಾಲದಲ್ಲೂ ಚಿಂತೆಯಿಲ್ಲ.

ನೆಲದಲ್ಲಿ ಅರ್ಧ ಗೇಣು ಆಳದ ಬೂದಿ ಗುಂಡಿ ಮಾಡಿ. ಅದರ ಮೇಲೆ ಕಬ್ಬಿಣದ ಸರಳಿನ ಜಾಲರಿ ಇಡಿ. ಸರಳಿನ ನಡುವೆ ಒಂದು ಬೆರಳು ಸಂದು ಇದ್ದರೆ ಬೂದಿ ಕೆಳಗೆ ಬೀಳುತ್ತದೆ, ಗಾಳಿ ಮೇಲೆ ಬರುತ್ತದೆ. ಜಾಲರಿ ಇದ್ದರೆ ಊದುಗೊಳವೆ ಹೆಚ್ಚು ಬೇಕಾಗುವುದಿಲ್ಲ. ಜಾಲರಿಯಿಂದ ಒಂದು ಗೇಣು ಮೇಲೆ ಹಂಡೆಯ ತಳ ಬರಬೇಕು. ಹಂಡೆಯನ್ನು ಹೊರಲು ಸುತ್ತ ಮೂರು ಇಟ್ಟಿಗೆ ಮೊಟ್ಟು ಕಟ್ಟಿ. ಇವು ಗಟ್ಟಿ ಇರಬೇಕು. 60 ಲೀಟರ್ ನೀರು ಅಂದರೆ 60 ಕಿಲೋ ಭಾರ. ಹಂಡೆಯ ತೂಕ ಬೇರೆ.

ಹಂಡೆಯ ಸುತ್ತ ಗೋಡೆ ಎಬ್ಬಿಸಿ. ಗೋಡೆಗೂ ಹಂಡೆಗೂ ನಡುವೆ ಎರಡು ಬೆರಳು ಸಂದು ಬಿಡಿ, ಹೆಚ್ಚು ಬೇಡ. ಸಂದು ದೊಡ್ಡದಾದರೆ ಬಿಸಿ ಹೊಗೆ ಹಂಡೆಯನ್ನು ಮುಟ್ಟದೆ ಓಡಿಹೋಗುತ್ತದೆ. ಮೇಲೆ ಹಂಡೆಯ ಕುತ್ತಿಗೆಗೆ ಗೋಡೆ ಸೇರಿಸಿ, ಮಣ್ಣು ಮೆತ್ತಿ ಮುಚ್ಚಿ. ಅಲ್ಲಿ ಸಂದು ಉಳಿದರೆ ಹೊಗೆ ಬಚ್ಚಲಿಗೆ ನುಗ್ಗುತ್ತದೆ. ಒಲೆಯ ಬಾಯಿಗೆ ಎದುರು ಬದಿಯಲ್ಲಿ, ಹಂಡೆಯ ಹೆಗಲಿನ ಎತ್ತರಕ್ಕೆ, ಹೊಗೆ ಕೊಳವೆಗೆ ದಾರಿ ಬಿಡಿ. ಕೊಳವೆಯ ಬಾಯಿ ನಾಲ್ಕು ಅಂಗುಲ ಇರಲಿ. ಅದು ಮಾಡಿಗಿಂತ ಎರಡು ಮೂರು ಅಡಿ ಮೇಲೆ ಹೋಗಬೇಕು. ಸುಟ್ಟ ಮಣ್ಣಿನ ಕೊಳವೆ ಒಳ್ಳೆಯದು, ಇಲ್ಲವೇ ಇಟ್ಟಿಗೆಯಲ್ಲೇ ಕಟ್ಟಬಹುದು. ಕಲ್ನಾರಿನ ಹಳೆಯ ಶೀಟು, ಕೊಳವೆಗಳನ್ನು ಕೊಯ್ಯಬೇಡಿ. ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು.

ಬೆಂಕಿ ತಾಗುವ ಕಡೆ ಸಿಮೆಂಟ್ ಬೇಡ, ಬಿರುಕು ಬಿಡುತ್ತದೆ. ಅಲ್ಲಿಗೆ ಮಣ್ಣೇ ಸರಿ. ಜೇಡಿಮಣ್ಣು, ಮರಳು, ಭತ್ತದ ಹೊಟ್ಟು, ಸಗಣಿ ಸೇರಿಸಿ ತುಳಿದು ಒಂದು ರಾತ್ರಿ ಕೊಳೆಯಲು ಬಿಡಿ. ಈ ಹದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಣ್ಣು ಪೂರಾ ಒಣಗಿದ ಮೇಲೆ ಬಿರುಕು ಕಂಡರೆ ಮತ್ತೆ ಮೆತ್ತಿ. ಆಮೇಲೆ ಹಂಡೆಗೆ ನೀರು ತುಂಬಿ, ಸಣ್ಣ ಉರಿ ಹಚ್ಚಿ. ಖಾಲಿ ಹಂಡೆಗೆ ಯಾವತ್ತೂ ಬೆಂಕಿ ಹಾಕಬಾರದು.

ಸೌದೆ ಒಣಗಿರಲಿ. ಹಸಿ ಸೌದೆಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ ಇರುತ್ತದೆ. ಹಂಡೆ ನೀರು ಕಾಯುವ ಮೊದಲು ಸೌದೆಯ ನೀರು ಕಾಯಬೇಕು! ತೆಂಗಿನ ಮಟ್ಟೆ, ಅಡಕೆ ಸೋಗೆ, ತೊಗರಿ ಕಟ್ಟಿಗೆ, ಯಾವುದಾದರೂ ಆಗುತ್ತದೆ. ಪ್ಲಾಸ್ಟಿಕ್ ಮಾತ್ರ ಹಾಕಬೇಡಿ, ಅದರ ಹೊಗೆ ವಿಷ. ತಿಂಗಳಿಗೊಮ್ಮೆ ಕೊಳವೆಯ ಮಸಿ ತೆಗೆಯಿರಿ.

ಮಗುವಿಗೆ ನೀರು ಹಾಕುವಾಗ ಬಕೆಟ್ಟಿಗೆ ಮೊದಲು ತಣ್ಣೀರು ಹಾಕಿ. ಬಿಸಿನೀರು ಆಮೇಲೆ. ಸುಟ್ಟರೆ 20 ನಿಮಿಷ ತಣ್ಣೀರು ಹರಿಸಿ. ಇಂಕು, ಬೂದಿ, ಪೇಸ್ಟು ಯಾವುದನ್ನೂ ಹಚ್ಚಬಾರದು. ಗಾಯ ದೊಡ್ಡದಾದರೆ ಆಸ್ಪತ್ರೆಗೆ ಹೋಗಿ.

ವಾಸನೆ ಇಲ್ಲದ ವಿಷ

ಈಗ ಗವಾಕ್ಷಿಯ ಮಾತು. ಇದನ್ನು ದಯವಿಟ್ಟು ಎರಡು ಸಲ ಓದಿ. ಓದಲು ಬಾರದ ಅಕ್ಕಪಕ್ಕದವರಿಗೂ ಓದಿ ಹೇಳಿ.

ಬಾಣಂತಿಗೆ ಎಣ್ಣೆ ಹಚ್ಚಿ ಬಿಸಿ ಬಿಸಿ ನೀರು ಹಾಕುತ್ತೇವೆ. ಆಮೇಲೆ ಕೋಣೆಗೆ ಕರೆತಂದು ಮಲಗಿಸುತ್ತೇವೆ. ಶೀತ ಆಗಬಾರದು ಅಂತ ಕಿಟಕಿ ಮುಚ್ಚುತ್ತೇವೆ. ಬಾಗಿಲ ಸಂದಿಗೂ ಬಟ್ಟೆ ತುರುಕುತ್ತೇವೆ. ಮಂಚದ ಹತ್ತಿರ ಅಗ್ಗಿಷ್ಟಿಕೆಯಲ್ಲಿ ಕೆಂಡ ಇಡುತ್ತೇವೆ. ಎಲ್ಲಾ ಪ್ರೀತಿಯಿಂದ ಮಾಡುತ್ತೇವೆ. ಆದರೆ ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಬರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಹೊಗೆ ಬಂದರೆ ಕೆಮ್ಮು ಬರುತ್ತದೆ, ಎದ್ದು ಹೊರಗೆ ಹೋಗುತ್ತೇವೆ. ಇದು ಬಂದರೆ ಗೊತ್ತೇ ಆಗುವುದಿಲ್ಲ. ಹೊಗೆ ಅಡಗಿದ ಕೆಂಡ ಒಳ್ಳೆಯದು ಅಂದುಕೊಂಡಿರುತ್ತೇವಲ್ಲ, ಅಪಾಯ ಅದರಲ್ಲೇ ಇದೆ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ. ಆಮೇಲೆ ಮಂಪರು. ಮಲಗಿದವರು ಮಲಗಿದ ಹಾಗೇ ತೀರಿಕೊಳ್ಳಬಹುದು. ಬಾಣಂತಿ, ಕೂಸು ಇಬ್ಬರೂ.

ಬಾಣಂತಿ ಬೆಚ್ಚಗಿರಬೇಕು ಅನ್ನುವುದು ಸರಿಯೇ. ಅದಕ್ಕೆ ಕೆಂಡ ಬೇಡ. ಕೂಸನ್ನು ತಾಯಿಯ ಎದೆಗೆ, ಮೈಗೆ ಮೈ ತಾಗುವಂತೆ ಮಲಗಿಸಿ, ಮೇಲೆ ಹೊದಿಸಿ. ಕೂಸಿಗೆ ಅದಕ್ಕಿಂತ ಬೆಚ್ಚಗಿನ ಜಾಗ ಇಲ್ಲ. ಕೆಂಡ, ಸಾಂಬ್ರಾಣಿ ಯಾವುದನ್ನೂ ಮುಚ್ಚಿದ ಕೋಣೆಯಲ್ಲಿ ಇಡಬಾರದು.

ಬಚ್ಚಲಿಗೂ ಇದೇ ಮಾತು. ಒಲೆಯ ಬಾಯಿ ಹೊರಗಿರಲಿ ಅಂದದ್ದು ಇದಕ್ಕೇ. ಪಟ್ಟಣದಲ್ಲಿ ಗ್ಯಾಸ್ ಗೀಸರ್ ಹಾಕಿಸುತ್ತಾರೆ. ಅದನ್ನು ಬಚ್ಚಲಿನ ಒಳಗೆ ಹಾಕಿಸಿ, ಗವಾಕ್ಷಿ ಮುಚ್ಚಿ, ಸ್ನಾನಕ್ಕೆ ಹೋದವರು ಸತ್ತದ್ದುಂಟು. ಗೀಸರ್ ಹೊರಗಿರಬೇಕು. ಬಿಸಿನೀರಿನ ಕೊಳವೆ ಮಾತ್ರ ಒಳಗೆ ಬರಬೇಕು. ಯಾರಿಗಾದರೂ ಬಚ್ಚಲಲ್ಲಿ ತಲೆ ಸುತ್ತಿದರೆ ಕೂಡಲೇ ಬಯಲಿಗೆ ಕರೆತಂದು, ಆಸ್ಪತ್ರೆಗೆ ಕರೆದೊಯ್ಯಿರಿ.

ಕರೆಂಟಿನ ಕಾಯಿಲ್ ಬಳಸುವವರು ತಾಮ್ರದ ಹಂಡೆಗೆ ಅದನ್ನು ಇಳಿಬಿಡಬೇಡಿ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಇಡಿ. ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಆಮೇಲೆ ನೀರು ಮುಟ್ಟಿ. ಕಾದಿದೆಯಾ ಅಂತ ಬೆರಳು ಅದ್ದಿ ನೋಡುವ ಚಾಳಿ ನಮ್ಮೆಲ್ಲರಿಗೂ ಇದೆ. ಅದೇ ಜೀವ ತೆಗೆಯುತ್ತದೆ.

ಬಚ್ಚಲ ನೀರು ಎಲ್ಲಿಗೆ?

ಬೀದಿಗೆ ಬಿಟ್ಟರೆ ಕೆಸರು, ಸೊಳ್ಳೆ, ಪಕ್ಕದ ಮನೆಯವರ ಜೊತೆ ಜಗಳ. ಒಂದು ಬಚ್ಚಲು ಗುಂಡಿ ತೋಡೋಣ. ಉದ್ದ, ಅಗಲ, ಆಳ ಮೂರೂ ಮೂರು ಅಡಿ. ಬಾವಿಯಿಂದ 30 ಅಡಿಯಾದರೂ ದೂರ ಇರಲಿ. ತಳಕ್ಕೆ ದಪ್ಪ ಕಲ್ಲು, ಅದರ ಮೇಲೆ ಮುಷ್ಟಿ ಗಾತ್ರದ ಕಲ್ಲು, ಮೇಲೆ ಸಣ್ಣ ಜಲ್ಲಿ ತುಂಬಿ. ನಡುವೆ, ತಳದಲ್ಲಿ ತೂತು ಮಾಡಿದ ಒಂದು ಮಡಕೆ ಕೂರಿಸಿ. ಅದರೊಳಗೆ ತೆಂಗಿನ ನಾರು ತುಂಬಿ. ಬಚ್ಚಲ ನೀರು ಮೊದಲು ಈ ಮಡಕೆಗೆ ಬೀಳಬೇಕು. ಸೋಪಿನ ಜಿಡ್ಡು, ಕೂದಲು ನಾರಿನಲ್ಲೇ ನಿಲ್ಲುತ್ತದೆ. ಜಲ್ಲಿಯ ಮೇಲೆ ಗೋಣಿತಾಟು ಹಾಸಿ ಮಣ್ಣು ಮುಚ್ಚಿ. ಮಡಕೆಯ ಬಾಯಿಗೆ ಒಂದು ಕಲ್ಲು ಮುಚ್ಚಿ.

ಕೆಂಪು ಮಣ್ಣಿನ ಊರಲ್ಲಿ ಗುಂಡಿ ನೀರನ್ನು ಚೆನ್ನಾಗಿ ಹೀರುತ್ತದೆ. ಗದಗ, ವಿಜಯಪುರದ ಕಡೆಯ ಎರೆ ಮಣ್ಣು ಹಾಗಲ್ಲ. ಒದ್ದೆಯಾದರೆ ಬಿಗಿದುಕೊಳ್ಳುತ್ತದೆ, ನೀರು ಇಂಗುವುದಿಲ್ಲ. ಅಲ್ಲಿ ನೀರನ್ನು ಬಾಳೆ ಬುಡಕ್ಕೆ, ಕೈತೋಟಕ್ಕೆ ತಿರುಗಿಸುವುದೇ ಮೇಲು. 2005ರ ಉದ್ಯೋಗ ಖಾತ್ರಿ ಕಾನೂನಿನ ಕೆಲಸದಲ್ಲಿ ಎಷ್ಟೋ ಊರುಗಳಲ್ಲಿ ಬಚ್ಚಲು ಗುಂಡಿ ತೋಡಿದರು. ಈಗ ಯಾವ ಯೋಜನೆಯಲ್ಲಿ ನೆರವು ಸಿಗುತ್ತದೆ ಎಂದು ಗ್ರಾಮ ಪಂಚಾಯಿತಿಗೆ ಹೋಗಿ ಕೇಳಿ. ಅರ್ಜಿಯನ್ನು ನಾವೇ ಬರೆಯಬಹುದಲ್ಲ!

ಮಡಕೆಯ ನಾರನ್ನು ತಿಂಗಳಿಗೊಮ್ಮೆ ತೆಗೆದು, ಬಿಸಿಲಿಗೆ ಒಣಗಿಸಿ ಸುಟ್ಟುಬಿಡಿ. ಹೊಸ ನಾರು ತುಂಬಿ.