ದೋಣಿಯ ಹೊಟ್ಟೆಗೆ ಕೆಂಪು ಬಣ್ಣ ಯಾಕೆ?

ಮಳೆಗಾಲದಲ್ಲಿ ನಮ್ಮ ಅಳಿವೆಯ ದಡಕ್ಕೆ ಹೋದರೆ ಬೋಟುಗಳು ಸಾಲಾಗಿ ಮೇಲೆ ಕೂತಿರುವುದನ್ನು ನೀವೆಲ್ಲ ನೋಡಿದ್ದೀರಿ. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಹಾಗಾಗಿ ಮಳೆ ಬಿಟ್ಟ ಹೊತ್ತು ನೋಡಿಕೊಂಡು ಹಳೆಯ ಬಣ್ಣ ಕೆರೆಯುವುದು, ತೇಪೆ ಹಾಕುವುದು, ಹೊಸ ಬಣ್ಣ ಬಳಿಯುವುದು ಎಲ್ಲ ಆಗಲೇ. ಬೋಟಿನ ಮೇಲ್ಭಾಗಕ್ಕೆ ಅವರವರ ಇಷ್ಟದ ಬಣ್ಣ: ನೀಲಿ, ಹಸಿರು, ಹಳದಿ. ಆದರೆ ನೀರಿನೊಳಗೆ ಮುಳುಗುವ ಹೊಟ್ಟೆಗೆ ನಮ್ಮಪ್ಪ ಪ್ರತಿ ವರ್ಷ ಬಳಿಯುವುದು ಅದೊಂದೇ ಕೆಂಪು. ಯಾಕೆ ಅಂತ ಕೇಳಿದರೆ "ಚಿಪ್ಪು ಹಿಡೀಬಾರದು ಅಂತ" ಎನ್ನುತ್ತಾರೆ.

ಬೋಟಿಗೆ ಹಿಡಿಯುವ ಆ ಬಿಳಿ ಚಿಪ್ಪು ನಿಜವಾಗಿ ಸಿಗಡಿ, ಏಡಿಗಳ ದೂರದ ನೆಂಟ. ಬಾರ್ನಕಲ್ ಎಂದು ಅದರ ಹೆಸರು. ಮರಿಯಾಗಿದ್ದಾಗ ನೀರಿನಲ್ಲಿ ಈಜಾಡುತ್ತಾ ಇರುತ್ತದೆ. ಗಟ್ಟಿ ಜಾಗ ಸಿಕ್ಕಿತೋ, ತಲೆ ಕೆಳಗೆ ಮಾಡಿ ಅಂಟಿಕೊಂಡು, ಸುತ್ತ ಸುಣ್ಣದ ಗೋಡೆ ಕಟ್ಟಿಕೊಂಡು, ಕಾಲುಗಳಿಂದ ನೀರು ಬಾಚಿ ಸಿಕ್ಕಿದ್ದನ್ನು ತಿನ್ನುತ್ತಾ ಜನ್ಮಪೂರ್ತಿ ಅಲ್ಲೇ! ಒಂದು ಅಂಟಿದರೆ ಅದರ ಪಕ್ಕಕ್ಕೆ ಇನ್ನೊಂದು. ಹೊಟ್ಟೆ ಒರಟಾದ ಬೋಟನ್ನು ನೀರು ಹಿಂದಕ್ಕೆ ಎಳೆಯುತ್ತದೆ, ಡೀಸೆಲ್ ಸುಮ್ಮನೆ ಉರಿಯುತ್ತದೆ. ಅಜ್ಜನ ಕಾಲದಲ್ಲಿ ಮರದ ದೋಣಿಗೆ ಮೀನೆಣ್ಣೆ, ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚುತ್ತಿದ್ದರಂತೆ. ಆ ವಾಸನೆ ಈಗಲೂ ನೆನಪಿದೆ ಎಂದು ಅಜ್ಜ ಮೂಗು ಮುಚ್ಚಿ ತೋರಿಸುತ್ತಾರೆ.

ಕೆಂಪು ಬಣ್ಣದ ಗುಟ್ಟು ತಾಮ್ರ. ಅದರಲ್ಲಿ ತಾಮ್ರದ ಆಕ್ಸೈಡ್ ಪುಡಿ ಇರುತ್ತದೆ. ಅಡಿಕೆ ತೋಟ ಇರುವವರ ಮಕ್ಕಳಿಗೆ ಇದು ಬೇಗ ಅರ್ಥವಾದೀತು. ಕೊಳೆರೋಗ ಬರದಂತೆ ಮೈಲುತುತ್ತು, ಸುಣ್ಣ ಕಲಸಿ ಬೋರ್ಡೋ ದ್ರಾವಣ ಹೊಡೆಯುತ್ತಾರಲ್ಲ, ಅಲ್ಲಿ ಶಿಲೀಂಧ್ರವನ್ನು ತಡೆಯುವುದೂ ತಾಮ್ರವೇ. ಬೋಟಿನ ಬಣ್ಣದಿಂದ ತಾಮ್ರ ಚೂರು ಚೂರೇ ನೀರಿಗೆ ಕರಗುತ್ತಾ ಇರುತ್ತದೆ. ಅಂಟಲು ಬಂದ ಮರಿಗೆ ಅದು ವಿಷ.

ಇಲ್ಲೊಂದು ತಮಾಷೆಯ ಕಥೆ ಇದೆ. 1761ರಲ್ಲಿ ಇಂಗ್ಲಿಷ್ ನೌಕಾಪಡೆಯವರು 'ಅಲಾರ್ಮ್' ಎಂಬ ಮರದ ಹಡಗಿನ ತಳಕ್ಕೆ ತಾಮ್ರದ ತಗಡು ಹೊಡೆಸಿದರು. ಚಿಪ್ಪು ಹಿಡಿಯಲಿಲ್ಲ, ಮರಕ್ಕೆ ಹುಳುವೂ ಬೀಳಲಿಲ್ಲ. ಆದರೆ ತಗಡು ಸವೆಯುತ್ತದಲ್ಲ ಎಂಬ ಚಿಂತೆ ಹತ್ತಿತು. 1824ರಲ್ಲಿ ಹಂಫ್ರಿ ಡೇವಿ ಎಂಬ ದೊಡ್ಡ ವಿಜ್ಞಾನಿ ತಾಮ್ರದ ಜೊತೆ ಕಬ್ಬಿಣ, ಸತುವಿನ ತುಂಡು ಸೇರಿಸಿದರೆ ಸವೆತ ನಿಲ್ಲುತ್ತದೆ ಎಂದು ತೋರಿಸಿದ. ನಿಂತಿತು ಕೂಡ. ಸವೆತ ನಿಂತದ್ದೇ ತಡ, ತಗಡಿನ ಮೇಲೆ ಚಿಪ್ಪೂ ಪಾಚಿಯೂ ಬೆಳೆದವು! ತಾಮ್ರ ಕರಗಿದರೆ ಮಾತ್ರ ಅದು ಕಾಯುತ್ತದೆ. ಕರಗದ ತಾಮ್ರದಿಂದ ಉಪಯೋಗವಿಲ್ಲ. ತೊಂದರೆ ಶುರುವಾಗುವುದೂ ಅಲ್ಲಿಯೇ.

ಇದನ್ನೆಲ್ಲ ನಾನು ಒಂದು ರಾತ್ರಿ ಊಟಕ್ಕೆ ಕೂತಾಗ ಮನೆಯಲ್ಲಿ ಹೇಳಿದೆ. ನಮ್ಮಮ್ಮ ಇಳಿತದ ಹೊತ್ತಿಗೆ ಅಳಿವೆಯಲ್ಲಿ ಬಳಚು ಹೆಕ್ಕಿ ಮಾರುತ್ತಾಳೆ. ನನ್ನ ಪಟ್ಟಿ, ಪೆನ್ನು ಬಂದದ್ದೆಲ್ಲ ಆ ದುಡ್ಡಿನಲ್ಲಿ. ಅಮ್ಮ ಅನ್ನ ಬಡಿಸುವುದನ್ನು ನಿಲ್ಲಿಸಿ ಕೇಳಿದಳು, "ಬೋಟಿಗೆ ಅಂಟೋ ಮರಿಗೆ ಅದು ವಿಷ ಅಂದ್ರೆ, ನನ್ನ ಬಳಚಿನ ಮರಿಗೆ ಅದೇನು ಹಾಲಾ?" ಅಪ್ಪನಿಗೆ ಸಿಟ್ಟು ಬಂತು. "ಬಣ್ಣ ಬಿಟ್ರೆ ಡೀಸೆಲ್ ದುಡ್ಡು ನಿನ್ನ ಮಾಷ್ಟ್ರು ಕೊಡ್ತಾರಾ?" ಎಂದು ನನ್ನನ್ನು ಗದರಿದರು. ನಾನು ಮಾರನೆ ದಿನ ವಿಜ್ಞಾನದ ಮಾಷ್ಟ್ರ ಹತ್ತಿರ ಹೋದೆ. ಮುಂದೆ ಬರೆದಿರುವುದು ಅವರು ತಿಳಿಸಿದ್ದು, ಲೆಕ್ಕ ಮಾತ್ರ ನಾನು ಮಾಡಿದ್ದು.

ಅಮ್ಮನ ಪ್ರಶ್ನೆ ಸರಿಯಾಗಿಯೇ ಇತ್ತು. ತಾಮ್ರ ಅಲ್ಪ ಪ್ರಮಾಣದಲ್ಲಿ ಎಲ್ಲ ಜೀವಿಗಳಿಗೂ ಬೇಕು. ಏಡಿಯ ರಕ್ತದಲ್ಲಿ ನಮ್ಮ ಹಾಗೆ ಕಬ್ಬಿಣವಲ್ಲ, ತಾಮ್ರವೇ ಉಸಿರು ಹೊರುತ್ತದೆ. ಆದರೆ ಮಿತಿ ದಾಟಿದರೆ ಮೊದಲು ಪೆಟ್ಟು ತಿನ್ನುವುದು ಚಿಪ್ಪುಮೀನಿನ ಮರಿಗಳು. ಸಮುದ್ರದ ನೀರಿನಲ್ಲಿ ಕರಗಿದ ತಾಮ್ರ ಬಹಳ ದಿನ ಇರುವುದಾದರೆ ಒಂದು ಲೀಟರಿಗೆ 3.1 ಮೈಕ್ರೋಗ್ರಾಂ ಮೀರಬಾರದು ಎಂದು ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಮಿತಿ ಇದೆ. ಒಂದು ಗ್ರಾಮನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ಮೈಕ್ರೋಗ್ರಾಂ.

ಅದೇ ಕ್ಯಾಲಿಫೋರ್ನಿಯದ ಸ್ಯಾನ್ ಡಿಯಾಗೋ ಕೊಲ್ಲಿಯಲ್ಲಿ ಶೆಲ್ಟರ್ ಐಲೆಂಡ್ ಎಂಬ ಜಾಗದ ಒಳನೀರಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮೋಜಿನ ದೋಣಿಗಳು ಒತ್ತೊತ್ತಾಗಿ ನಿಲ್ಲುತ್ತವೆ. ಸುತ್ತ ನೆಲ, ಬಾಯಿ ಕಿರಿದು, ನೀರು ಬೇಗ ಬದಲಾಗುವುದಿಲ್ಲ. ಅಲ್ಲಿಗೆ ವರ್ಷಕ್ಕೆ ಸುಮಾರು 2,163 ಕಿಲೋ ತಾಮ್ರ ಸೇರುತ್ತದೆ ಎಂದು ಅಲ್ಲಿನ ನೀರಿನ ಮಂಡಳಿ ಲೆಕ್ಕ ಹಾಕಿತು. ಕಾರ್ಖಾನೆಯಿಂದ ಇರಬೇಕು ಎಂದು ನಾನು ಅಂದುಕೊಂಡೆ. ಅಲ್ಲ. ಅದರಲ್ಲಿ 2,000 ಕಿಲೋ ಸುಮ್ಮನೆ ನಿಂತ ದೋಣಿಗಳ ಬಣ್ಣದಿಂದ ಕರಗಿದ್ದು, ಇನ್ನೊಂದು 100 ಕಿಲೋ ದೋಣಿಯ ಹೊಟ್ಟೆ ಉಜ್ಜುವಾಗ ಬಿದ್ದದ್ದು. 2005ರಲ್ಲಿ ಮಂಡಳಿ ಇದನ್ನು 567 ಕಿಲೋಗೆ ಇಳಿಸಬೇಕು ಎಂದು ಆಜ್ಞೆ ಮಾಡಿ 17 ವರ್ಷದ ಗಡುವು ಕೊಟ್ಟಿತು.

ಆಮೇಲೆ ಆ ರಾಜ್ಯವು ಬಣ್ಣಕ್ಕೇ ನಿಯಮ ತಂದಿತು. ಡಬ್ಬಿಯಲ್ಲಿ ತಾಮ್ರ ಶೇಕಡಾ ಎಷ್ಟಿದೆ ಎನ್ನುವುದನ್ನು ಅವರು ಹಿಡಿಯಲಿಲ್ಲ. ದಿನಕ್ಕೆ ಎಷ್ಟು ಹೊರಗೆ ಕರಗುತ್ತದೆ ಎನ್ನುವುದನ್ನು ಹಿಡಿದರು. ಇದು ನನಗೆ ಜಾಣತನ ಅನ್ನಿಸಿತು. ಯಾಕೆಂದರೆ ಒಂದೇ ಅಳತೆಯ ತಾಮ್ರ ಇರುವ ಎರಡು ಬಣ್ಣಗಳಲ್ಲಿ ಒಂದು ಬೇಗ ಬಿಡುತ್ತದೆ, ಇನ್ನೊಂದು ನಿಧಾನವಾಗಿ ಬಿಡುತ್ತದೆ. 2018ರ ಜುಲೈ 1ರಿಂದ ಅಲ್ಲಿ ಮೋಜಿನ ದೋಣಿಗಳ ಬಣ್ಣ ಒಂದು ಚದರ ಸೆಂಟಿಮೀಟರಿನಿಂದ ದಿನಕ್ಕೆ 9.5 ಮೈಕ್ರೋಗ್ರಾಂಗಿಂತ ಹೆಚ್ಚು ತಾಮ್ರ ಬಿಡುವಂತಿಲ್ಲ.

ಇದೆಷ್ಟು ಸಣ್ಣದು ಅಂತ ನಗಬೇಡಿ, ಲೆಕ್ಕ ಮಾಡಿ. ನೀರೊಳಗಿನ ಹೊಟ್ಟೆ 30 ಚದರ ಮೀಟರ್ ಇರುವ ಬೋಟು ಎಂದು ಹಿಡಿಯೋಣ. ಅಂದರೆ 3 ಲಕ್ಷ ಚದರ ಸೆಂಟಿಮೀಟರ್. 9.5ರಿಂದ ಗುಣಿಸಿದರೆ ದಿನಕ್ಕೆ 2.85 ಗ್ರಾಂ. ವರ್ಷಕ್ಕೆ ಒಂದು ಕಿಲೋಗಿಂತ ಸ್ವಲ್ಪ ಜಾಸ್ತಿ. ಒಂದು ದಿನದ 2.85 ಗ್ರಾಂ ತಾಮ್ರ ಸುಮಾರು 9 ಲಕ್ಷ ಲೀಟರ್ ನೀರನ್ನು ಆ 3.1ರ ಮಿತಿಗೆ ತಂದು ನಿಲ್ಲಿಸಬಲ್ಲದು. ಆಳಸಮುದ್ರದಲ್ಲಿ ಇದು ಲೆಕ್ಕಕ್ಕೇ ಇಲ್ಲ. ಮುಚ್ಚಿದ ಒಳನೀರಿನಲ್ಲಿ ಲೆಕ್ಕಕ್ಕೆ ಬರುತ್ತದೆ. ತಾಮ್ರ ಮೂಲವಸ್ತು, ಕೊಳೆತು ಹೋಗುವುದಿಲ್ಲ. ಬಹಳಷ್ಟು ಕೆಸರಿಗೆ ಇಳಿದು ಕೂರುತ್ತದೆ.

ಹಾಗಾದರೆ ಪೂರ್ತಿ ನಿಷೇಧಿಸಬಾರದೇ? ನಾನೂ ಅದನ್ನೇ ಕೇಳಿದೆ. ಮಾಷ್ಟ್ರು ಹೇಳಿದ್ದು ಹೀಗೆ. ತಾಮ್ರಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆಂದು ಒಂದು ಕಾಲದಲ್ಲಿ ಟ್ರೈಬ್ಯುಟೈಲ್ ಟಿನ್ ಎಂಬ ತವರದ ಸಂಯುಕ್ತವನ್ನು ಬಣ್ಣಕ್ಕೆ ಸೇರಿಸಿದರು. ಫ್ರಾನ್ಸಿನ ಆರ್ಕಶಾನ್ ಕೊಲ್ಲಿಯಲ್ಲಿ ಸಿಂಪಿಗಳ ಚಿಪ್ಪು ಊದಿಕೊಂಡು ವಿಕಾರವಾಯಿತು, ಮರಿಗಳು ಉಳಿಯಲಿಲ್ಲ, ಸಿಂಪಿ ಸಾಕುವವರು ಬೀದಿಗೆ ಬಂದರು. 1982ರಲ್ಲಿ ಫ್ರಾನ್ಸ್ ಸಣ್ಣ ದೋಣಿಗಳಿಗೆ ಅದನ್ನು ನಿಲ್ಲಿಸಿತು. 2001ರಲ್ಲಿ ಆದ ಅಂತಾರಾಷ್ಟ್ರೀಯ ಒಪ್ಪಂದ 2008ರಲ್ಲಿ ಜಾರಿಗೆ ಬಂತು. ಆಗ ಹೆಚ್ಚಿನವರು ತಾಮ್ರಕ್ಕೇ ಮರಳಿದರು. ಅಮೆರಿಕದ ವಾಷಿಂಗ್ಟನ್ ರಾಜ್ಯ 2011ರಲ್ಲಿ ಮೋಜಿನ ದೋಣಿಗಳ ತಾಮ್ರದ ಬಣ್ಣ ನಿಲ್ಲಿಸಲು ಕಾನೂನು ಮಾಡಿತ್ತು. ಬದಲಿಗೆ ಬರುವ ವಿಷ ಇನ್ನೂ ಕೆಟ್ಟದ್ದಾದರೆ ಎಂಬ ಅನುಮಾನದಿಂದ 2018ರಲ್ಲೂ 2020ರಲ್ಲೂ ಅದನ್ನು ಮುಂದೂಡಿತು.

ಬಣ್ಣವೇ ಇಲ್ಲದಿದ್ದರೂ ಕಷ್ಟವೇ. ಚಿಪ್ಪು ಹಿಡಿದ ದೋಣಿ ಪರದೇಶದ ಜೀವಿಗಳನ್ನು ಹೊತ್ತು ತರುತ್ತದೆ. 1999ರಲ್ಲಿ ಆಸ್ಟ್ರೇಲಿಯದ ಡಾರ್ವಿನ್‌ನ ದೋಣಿ ನಿಲ್ದಾಣಗಳಲ್ಲಿ ಹೀಗೆ ಬಂದ ಒಂದು ಕಪ್ಪು ಪಟ್ಟೆಯ ಚಿಪ್ಪು ಲಕ್ಷಗಟ್ಟಲೆ ಹಬ್ಬಿತ್ತು. ಕೊನೆಗೆ ನಿಲ್ದಾಣದ ಬಾಗಿಲು ಮುಚ್ಚಿ ಕ್ಲೋರಿನ್, ಮೈಲುತುತ್ತು ಸುರಿದು ಕೊಲ್ಲಬೇಕಾಯಿತು. ಅಲ್ಲಿಗೂ ಬಂತು ನೋಡಿ ತಾಮ್ರ! ಅದೇ ಜಾತಿ 1960ರ ದಶಕದಲ್ಲೇ ನಮ್ಮ ದೇಶದ ವಿಶಾಖಪಟ್ಟಣ ಬಂದರಿಗೂ ಬಂದಿತ್ತು. ತಾಮ್ರವಿಲ್ಲದ ಜಾರುವ ಸಿಲಿಕೋನ್ ಬಣ್ಣವೂ ಇದೆ. ಅದರ ಮೇಲೆ ಚಿಪ್ಪು ಗಟ್ಟಿಯಾಗಿ ಹಿಡಿಯುವುದಿಲ್ಲ, ಓಡುವಾಗ ಉದುರುತ್ತದೆ. ಆದರೆ ಬೆಲೆ ಜಾಸ್ತಿ, ಹೆಚ್ಚು ದಿನ ನಿಂತೇ ಇರುವ ದೋಣಿಗೆ ಅಷ್ಟು ಒಗ್ಗುವುದಿಲ್ಲ.

ಇಷ್ಟು ತಿಳಿದ ಮೇಲೆ ಅಪ್ಪನಿಗೆ "ಬಣ್ಣ ಬಿಡಿ" ಎನ್ನಲು ನನಗೆ ಬಾಯಿ ಬರಲಿಲ್ಲ. ನೀರಲ್ಲಿ ನಿಂತ ಬೋಟನ್ನು ತಂತಿ ಬ್ರಷ್‌ನಿಂದ ಉಜ್ಜದೆ ಮೆತ್ತನೆ ಬಟ್ಟೆಯಿಂದ ಒರೆಸಿದರೆ ಬಣ್ಣ ಕಡಿಮೆ ಬೀಳುತ್ತದೆ ಎಂದೆ, "ಹ್ಞೂಂ" ಅಂದರು. ಇನ್ನೊಂದನ್ನು ಕೇಳಿದೆ. ದಡದಲ್ಲಿ ಕೆರೆದ ಹಳೆಯ ಬಣ್ಣದ ಪುಡಿ ಮಳೆನೀರಿನ ಜೊತೆ ನೇರ ಅಳಿವೆಗೆ ಹೋಗುತ್ತದೆ, ಅಡಿಗೆ ಟಾರ್ಪಾಲು ಹಾಸಬಹುದಾ? ಅಪ್ಪ ಮಾತಾಡಲಿಲ್ಲ. ಆದರೆ ಈ ಸಲ ಕೆರೆಯುವ ದಿನ ಹಳೆಯ ಟಾರ್ಪಾಲು ಹುಡುಕಿ ತಂದದ್ದು ಅವರೇ. ಅಮ್ಮ ಮೂಗಿಗೆ ಬಟ್ಟೆ ಕಟ್ಟಿಕೊಂಡು ಗುಡಿಸಿ ತುಂಬಿದಳು. ಅರ್ಧ ಗೋಣಿ ಕೆಂಪು ಪುಡಿ ಬಂತು. ಅದು ಈಗ ನಮ್ಮ ಕೊಟ್ಟಿಗೆಯ ಮೂಲೆಯಲ್ಲಿ, ಕೋಳಿಗಳಿಗೆ ಸಿಗದ ಹಾಗೆ ಬಾಯಿ ಕಟ್ಟಿಕೊಂಡು ಕೂತಿದೆ. ಇನ್ನು ಇದನ್ನು ಎಲ್ಲಿ ಹಾಕುವುದು ಅಂತ ಮಾಷ್ಟ್ರನ್ನು ಕೇಳಿಕೊಂಡು ಬಾ ಎಂದು ಅಪ್ಪ ದಿನಾ ಹೇಳುತ್ತಿದ್ದಾರೆ.