“ಎರಡು ವರ್ಷ ಹೆಚ್ಚು ಮಾಡಿಕೊಡ್ರಿ ಅಕ್ಕಾರ”

ಒಂದು ಭಾನುವಾರ ಬೆಳಗ್ಗೆ ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ಹೆಂಡತಿ ಬಾಗಿಲು ತಟ್ಟಿದರು. ಕೊಪ್ಪಳದ ಕಡೆಯವರು. ಕೈಯಲ್ಲಿ ಮಗಳ ಆಧಾರ್ ಕಾರ್ಡ್. “ನೀವು ಕಂಪ್ಯೂಟರ್ ಕೆಲ್ಸದಾಗ ಇದ್ದೀರಲ್ಲ ಅಕ್ಕಾರ, ಇದ್ರಾಗ ವಯಸ್ಸು ಎರಡು ವರ್ಷ ಹೆಚ್ಚು ಮಾಡಾಕ ಬರ್ತೈತೇನ್ರಿ?”

ಮಗಳಿಗೆ ಹದಿನಾರು. ಹೋದ ವರ್ಷ ಊರಲ್ಲಿ ಮದುವೆ ಮಾಡಿ ಮುಗಿಸಿದ್ದರು. ಈಗ ಏಳು ತಿಂಗಳು. ಒಂದು ಸಲವೂ ಡಾಕ್ಟರಿಗೆ ತೋರಿಸಿಲ್ಲ, ತಾಯಿ ಕಾರ್ಡ್ ಮಾಡಿಸಿಲ್ಲ. ದುಡ್ಡಿಲ್ಲ ಅಂತಲ್ಲ, ಸರ್ಕಾರಿ ಆಸ್ಪತ್ರೆ ನಡೆದು ಹೋಗುವಷ್ಟು ಹತ್ತಿರ ಇದೆ. ವಯಸ್ಸು ಹೇಳಿದರೆ ಪೊಲೀಸರು ಬರ್ತಾರೆ ಅನ್ನೋ ಭಯ.

ಭಯ ಸುಳ್ಳೇನಲ್ಲ. 18 ತುಂಬದ ಹುಡುಗಿ ಗರ್ಭಿಣಿ ಅಂತ ಗೊತ್ತಾದರೆ ಪೋಕ್ಸೊ ಕಾಯ್ದೆ ಪ್ರಕಾರ ಡಾಕ್ಟರು ತಿಳಿಸಲೇಬೇಕು. ಮದುವೆ ಆಗಿದೆ ಅಂದರೂ ಬಿಡುವ ಹಾಗಿಲ್ಲ ಎಂಬುದು 2017ರ ಸುಪ್ರೀಂ ಕೋರ್ಟ್ ತೀರ್ಪಿನಿಂದಲೇ ಸ್ಪಷ್ಟ. ಮದುವೆ ಮಾಡಿಸಿದ ತಂದೆತಾಯಿಯೂ ತಪ್ಪಿತಸ್ಥರೇ. ಕಾನೂನು ಇರೋದು ಹುಡುಗಿಗಾಗಿ. ಆದರೆ ಅದಕ್ಕೆ ಹೆದರಿ ಮನೆಯವರು ಬಚ್ಚಿಟ್ಟಿದ್ದು ಹುಡುಗಿಯನ್ನೇ.

ಅಷ್ಟರಲ್ಲಿ ಹೊಟ್ಟೆಯೊಳಗಿನ ದಿನಗಳು ನಿಲ್ಲುತ್ತವೆಯೇ? ಹದಿನಾರರಲ್ಲಿ ಅವಳ ಮೈಯೇ ಇನ್ನೂ ಬೆಳೆಯುತ್ತಿರುತ್ತದೆ. ತಿಂದದ್ದರಲ್ಲಿ ಅವಳಿಗೂ ಪಾಲು, ಮಗುವಿಗೂ ಪಾಲು. ಸೊಂಟದ ಮೂಳೆ ಪೂರ್ತಿ ಅಗಲವಾಗಿರದಿದ್ದರೆ ಹೆರಿಗೆ ಮಧ್ಯದಲ್ಲೇ ಕಷ್ಟವಾಗಬಹುದು. ಬಿಪಿ ಏರಿ ಫಿಟ್ಸ್ ಬರುವ ಅಪಾಯವೂ ಈ ವಯಸ್ಸಿನಲ್ಲಿ ಹೆಚ್ಚು. ಮಗು ತೂಕ ಕಡಿಮೆ ಇರಬಹುದು, ದಿನ ತುಂಬುವ ಮೊದಲೇ ಹುಟ್ಟಬಹುದು. ಬಿಪಿ ನೋಡಿ, ರಕ್ತ ಪರೀಕ್ಷೆ ಮಾಡಿ, ಕಬ್ಬಿಣಾಂಶದ ಮಾತ್ರೆ ಕೊಟ್ಟಿದ್ದರೆ ಇದರಲ್ಲಿ ಎಷ್ಟೋ ಮೊದಲೇ ಗೊತ್ತಾಗುತ್ತದೆ. 18 ತುಂಬದವರಿಗೆ 24 ವಾರದವರೆಗೆ ಗರ್ಭಪಾತಕ್ಕೆ ಕಾನೂನಿನಲ್ಲಿ ಅವಕಾಶ ಇದೆ. ಆ ಗಡುವು ದಾಟಿತ್ತು. ಅವಳಿಗೆ ಮಗು ಬೇಕಿತ್ತಾ ಅಂತ ಯಾರೂ ಕೇಳಿರಲೇ ಇಲ್ಲ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವಯಸ್ಸಿನ ಹೆಂಗಸರಲ್ಲಿ ಶೇ 21ರಷ್ಟು ಮಂದಿಗೆ 18ಕ್ಕೆ ಮೊದಲೇ ಮದುವೆಯಾಗಿದೆ. ದಿನವಿಡೀ ಡೇಟಾ ಜೊತೆಗೇ ಒದ್ದಾಡುವ ನನಗೆ ಬೇರೆಯದೇ ಅನುಮಾನ. ಆಸ್ಪತ್ರೆಗಳ ವಯಸ್ಸಿನ ಕಾಲಂನಲ್ಲಿರುವ 19ಗಳಲ್ಲಿ ಎಷ್ಟು ನಿಜವಾಗಿ 16?

ಆಧಾರ್ ತಿದ್ದಲು ಒಪ್ಪಲಿಲ್ಲ. ಕೇಸ್ ಆದರೂ ಚಿಕಿತ್ಸೆ ನಿಲ್ಲಲ್ಲ ಅಂತ ಅಮ್ಮನಿಗೆ ಹೇಳಿ ಹೇಳಿ, ಮರುದಿನ ರಜೆ ಹಾಕಿ ಇಬ್ಬರನ್ನೂ ಕರೆದುಕೊಂಡು ಹೋದೆ. ಹಿಮೋಗ್ಲೋಬಿನ್ 7.4. ಗರ್ಭಿಣಿಗೆ ಕನಿಷ್ಠ 11 ಇರಬೇಕು. ಅವತ್ತೇ ದಾಖಲು ಮಾಡಿಕೊಂಡರು. ಅಳಿಯನ ಮೇಲೆ ಕೇಸ್ ಆಯ್ತು, ಮಕ್ಕಳ ಕಲ್ಯಾಣ ಸಮಿತಿಯವರು ಬಂದು ಹೋದರು. ವಾಚ್‌ಮನ್ ಅಣ್ಣ ಈಗ ಗೇಟ್ ತೆಗೀತಾರೆ, ಮುಖ ನೋಡಲ್ಲ. ಅವರ ಜಾಗದಲ್ಲಿ ನಾನಿದ್ದರೆ? ಗೊತ್ತಿಲ್ಲ. ಮದುವೆಗೆ ಮೊದಲೇ ಯಾರಾದರೂ 1098ಕ್ಕೆ ಒಂದು ಫೋನ್ ಮಾಡಿದ್ದರೆ ಅನ್ನಿಸುತ್ತೆ.

ಹುಡುಗಿ ಮಾತ್ರ ವಾರ್ಡಿನಲ್ಲಿ ನನ್ನ ಮೊಬೈಲನ್ನೇ ನೋಡುತ್ತಾ ಮೆಲ್ಲಗೆ ಕೇಳಿದಳು: “ಅಕ್ಕಾ, ಹತ್ತನೇದು ಮನ್ಯಾಗ ಓದಿ ಕಟ್ಟಾಕ ಬರ್ತೈತೇನು?”

ಬರುತ್ತೆ, ಖಾಸಗಿ ಅಭ್ಯರ್ಥಿಯಾಗಿ ಬರೀಬಹುದು ಅಂದೆ. ಅರ್ಜಿ ತುಂಬುವಾಗ ಸರಿಯಾದ ಹುಟ್ಟಿದ ತಾರೀಖೇ ಹಾಕಬೇಕು ಅಂದಾಗ ಮೊದಲ ಸಲ ನಕ್ಕಳು.